ಕೊಳೆ ಅಂತ ಒರೆಸಿ ಹಾಕದ ಬೆಳಕು: ಚಿಪ್ ಕನಸು ಕಾಣುವ ತುಮಕೂರಿಗೆ ಸಿ.ವಿ. ರಾಮನ್ ಯಾಕೆ ಬೇಕು?

ಫೆಬ್ರವರಿ 28 ಬಂತೆಂದರೆ ತುಮಕೂರಿನ ಕಾಲೇಜುಗಳಲ್ಲಿ, ಗುಬ್ಬಿ, ಕುಣಿಗಲ್‌ನ ಹೈಸ್ಕೂಲುಗಳಲ್ಲಿ ಬೀರುವಿನಿಂದ ಒಂದು ಫೋಟೊ ಹೊರಗೆ ಬರುತ್ತೆ. ತಲೆಗೆ ಪೇಟ, ಮೈಮೇಲೆ ಕೋಟು, ಎದುರಿಗಿದ್ದವರನ್ನು ಪರೀಕ್ಷೆ ಮಾಡುತ್ತಿರುವಂಥ ಕಣ್ಣು. ಹಾರ ಹಾಕ್ತಾರೆ, ದೀಪ ಹಚ್ಚುತ್ತಾರೆ, ಒಂದು ಭಾಷಣ, ಒಂದು ಕ್ವಿಜ್. ಮಾರನೇ ದಿನ ಫೋಟೊ ಬೀರುವಿಗೆ ವಾಪಸ್. ಎಂಜಿನಿಯರಿಂಗ್ ಓದುವಾಗ ನಾನೂ ಈ ಮನುಷ್ಯನನ್ನು ಎರಡು ಅಂಕದ ಪ್ರಶ್ನೆಯಾಗಿಯೇ ಓದಿದ್ದು. ರಾಮನ್ ಪರಿಣಾಮ, 1928. ನೊಬೆಲ್, 1930. ಮುಗೀತು.

ಆ ಎರಡು ಅಂಕದ ಆಚೆಗೆ ಒಂದು ಕಥೆ ಇದೆ. ಈಗ ಅದನ್ನು ಹೇಳೋಕೆ ಕಾರಣವೂ ಇದೆ. ನಮ್ಮ ಜಿಲ್ಲೆಯ ಹುಡುಗರ ಬಾಯಲ್ಲಿ ಇವತ್ತು ಚಿಪ್, ಸೆಮಿಕಂಡಕ್ಟರ್, ಫ್ಯಾಬ್ ಅನ್ನುವ ಮಾತುಗಳೇ ಓಡಾಡ್ತಿವೆ. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೀತಾ ಇದೆ. ಗುಬ್ಬಿಯ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯ್ತು. ಮುಂದಿನದು ಏನು ಅಂತ ಕೇಳಿದರೆ ಚಿಪ್ ಅಂತಾರೆ. ಚಿಪ್ ತಯಾರಿಕೆಯ ಹೃದಯದಲ್ಲಿರುವ ಪ್ರಶ್ನೆಯೇ ರಾಮನ್ ಬದುಕಿನ ಹೃದಯದಲ್ಲೂ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಮಶ ಇದೆಯೋ ಇಲ್ಲವೋ, ಅದನ್ನು ಹೇಗೆ ಗೊತ್ತು ಮಾಡ್ಕೊಳ್ಳೋದು? ಈ ಪ್ರಶ್ನೆ ಅವರ ಬದುಕಿನಲ್ಲಿ ಎರಡು ಸಲ ಬಂತು. ಒಂದು ಸಲ ಗೆದ್ದರು, ಇನ್ನೊಂದು ಸಲ ಸೋತರು. ಹಾರ ಹಾಕುವ ದಿನ ಗೆದ್ದ ಕಥೆಯನ್ನು ಮಾತ್ರ ಹೇಳ್ತೇವೆ.

ನೂರು ಕೋಟಿಯಲ್ಲಿ ಒಂದು

ಮೊದಲು ಚಿಪ್ ಕಾರ್ಖಾನೆಯ ಕಷ್ಟ ಏನು ಅಂತ ನೋಡೋಣ. ಸಿಲಿಕಾನ್ ಬಿಲ್ಲೆಯ ಮೇಲೆ ಪದರದ ಮೇಲೆ ಪದರ ಕೂರಿಸಿ ಚಿಪ್ ಮಾಡ್ತಾರೆ. ಆ ಪದರಗಳನ್ನು ಕೂರಿಸೋದು, ಕೊರೆಯೋದು, ತೊಳೆಯೋದು ಬಹುಪಾಲು ಅನಿಲಗಳ ಕೆಲಸ. ನೈಟ್ರೋಜನ್, ಆರ್ಗಾನ್, ಹೈಡ್ರೋಜನ್, ಅಮೋನಿಯಾ, ಸಿಲೇನ್ ಎಲ್ಲವೂ ಪೈಪಿನಲ್ಲಿ ಹರಿದು ಬರ್ತವೆ. ಆ ಪೈಪಿನೊಳಗೆ ಒಂಚೂರು ತೇವಾಂಶ ಸೇರಿದರೆ ಸಿಲೇನ್ ಅದರ ಜೊತೆ ಕೂಡಿ ಪುಡಿಯಾಗಿ ಬಿಲ್ಲೆಯ ಮೇಲೆ ಕೂರುತ್ತೆ. ಒಂಚೂರು ಆಕ್ಸಿಜನ್ ಸೇರಿದರೆ ಬೇಡದ ಕಡೆ ಆಕ್ಸೈಡ್ ಪದರ ಹುಟ್ಟುತ್ತೆ. ಇನ್ನು ಕೋಣೆಯ ಗಾಳಿಯಲ್ಲಿ ಅಮೋನಿಯಾದ ಎಳೆ ಇದ್ದರೂ ಸಾಕು. ಬೆಳಕಿನಿಂದ ನಕ್ಷೆ ಮೂಡಿಸುವ ಲೇಪನದೊಳಗಿನ ಆಮ್ಲವನ್ನು ಅದು ಕೊಂದು ಹಾಕುತ್ತೆ, ಗೆರೆಗಳೇ ಕೆಡ್ತವೆ.

ಎಷ್ಟು ಅಂದರೆ ಒಂಚೂರು? ನೂರು ಕೋಟಿ ಅಣುಗಳಲ್ಲಿ ಒಂದು. ಕೆಲವು ಕಡೆ ಅದಕ್ಕಿಂತಲೂ ಕಡಿಮೆ. 250 ಎಕರೆ ಹರವಿನ ಕೆರೆಯಲ್ಲಿ ಒಂದು ಮೀಟರ್ ನೀರು ನಿಂತಿದೆ ಅಂದ್ಕೊಳ್ಳಿ. ಅದು ಸುಮಾರು ನೂರು ಕೋಟಿ ಲೀಟರ್. ಅದಕ್ಕೆ ಒಂದು ಲೀಟರ್ ಹಾಲು ಸುರಿದು, ಆಮೇಲೆ ಕೆರೆಯ ಯಾವುದೋ ಮೂಲೆಯಿಂದ ಒಂದು ಲೋಟ ನೀರು ಮೊಗೆದು, ಇದರಲ್ಲಿ ಹಾಲಿದೆಯಾ, ಇದ್ದರೆ ಎಷ್ಟಿದೆ ಹೇಳಪ್ಪಾ ಅಂದರೆ ಹೇಗಿರುತ್ತೆ? ಕಾಲದಲ್ಲಿ ಹೇಳೋದಾದರೆ ಸುಮಾರು 32 ವರ್ಷದಲ್ಲಿ ಒಂದು ಸೆಕೆಂಡು. ಚಿಪ್ ಕಾರ್ಖಾನೆ ದಿನವೂ, ಪ್ರತಿ ಪೈಪಿಗೂ ಕೇಳುವ ಪ್ರಶ್ನೆ ಇದೇ.

ಇದಕ್ಕೆ ಉತ್ತರ ಕೊಡುವ ಉಪಕರಣಗಳಲ್ಲಿ ಹಲವು ಬೆಳಕನ್ನು ನಂಬಿಕೊಂಡಿವೆ. ಅಣುವಿಗೆ ಬೆಳಕು ತಾಗಿಸಿ, ಆ ಬೆಳಕಿಗೆ ಏನಾಯ್ತು ಅಂತ ನೋಡೋದು. ಈ ದಾರಿ ಕಡಿದವರಲ್ಲಿ ರಾಮನ್ ಒಬ್ಬರು.

ಲೆಕ್ಕಪತ್ರದ ಆಫೀಸರು

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಗಣಿತ, ಭೌತಶಾಸ್ತ್ರದ ಮೇಷ್ಟ್ರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದರಿಂದ ಹುಡುಗ ಬೆಳೆದದ್ದು ಅಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿಎ, 1907ರಲ್ಲಿ ಎಂಎ. ಎರಡರಲ್ಲೂ ಮುಂದು. ಎಂಎ ಮುಗಿಯುವ ಮೊದಲೇ, 1906ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್‌ನಲ್ಲಿ ಮೊದಲ ಪ್ರಬಂಧ ಬಂದಿತ್ತು. ಇಂಥ ಹುಡುಗರು ಆಗ ಇಂಗ್ಲೆಂಡಿಗೆ ಹೋಗೋರು. ಈ ಹುಡುಗನ ಮೈ ಆ ಚಳಿ ತಡೆಯಲ್ಲ ಅಂತ ಮದ್ರಾಸಿನ ಸಿವಿಲ್ ಸರ್ಜನ್ ಹೇಳಿಬಿಟ್ಟರು.

ಭಾರತದಲ್ಲಿ ವಿಜ್ಞಾನಿಗೆ ಕೆಲಸವೇ ಇರಲಿಲ್ಲ. ಬ್ರಿಟಿಷ್ ಸರ್ಕಾರದ ಹಣಕಾಸು ಸೇವೆಯ ಪರೀಕ್ಷೆ ಬರೆದರು, ಮೊದಲ ಸ್ಥಾನ ಬಂತು. 18ನೇ ವಯಸ್ಸಿಗೆ ಕಲ್ಕತ್ತದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್. ಅದೇ 1907ರಲ್ಲಿ ಲೋಕಸುಂದರಿಯವರ ಜೊತೆ ಮದುವೆ. ಒಳ್ಳೇ ಸಂಬಳ, ಪಿಂಚಣಿ, ಗೌರವ. ನಮ್ಮ ಮನೆಗಳಲ್ಲಿ ಇವತ್ತೂ ಮಕ್ಕಳಿಂದ ಬಯಸೋದು ಇದನ್ನೇ ಅಲ್ವಾ?

ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಾಣಿಸ್ತು. ವಿಜ್ಞಾನದ ಬೆಳವಣಿಗೆಗಾಗಿ ಇರುವ ಭಾರತೀಯ ಸಂಘ. ಮಹೇಂದ್ರಲಾಲ್ ಸರ್ಕಾರ್ ಅನ್ನುವ ವೈದ್ಯರು 1876ರಲ್ಲಿ ದೇಣಿಗೆ ಎತ್ತಿ ಕಟ್ಟಿದ ಸಂಸ್ಥೆ ಅದು. ಉಪಕರಣ ಇತ್ತು, ಕೆಲಸ ಮಾಡೋರು ಇರಲಿಲ್ಲ. ರಾಮನ್ ಬೆಳಗ್ಗೆ ಆಫೀಸಿಗೆ ಮುಂಚೆ ಅಲ್ಲಿ, ಸಂಜೆ ಆಫೀಸು ಬಿಟ್ಟ ಮೇಲೆ ರಾತ್ರಿವರೆಗೂ ಅಲ್ಲಿ. ಆಶುತೋಷ್ ಡೇ ಅನ್ನುವ ಸಹಾಯಕ ಜೊತೆಗಿದ್ದರು. ವೀಣೆ, ಪಿಟೀಲು, ಮೃದಂಗ ಯಾಕೆ ಹಾಗೆ ನುಡೀತಾವೆ ಅಂತ ಇಬ್ಬರೂ ಹುಡುಕಿದರು. ಹತ್ತು ವರ್ಷ ಹೀಗೆ. 1917ರಲ್ಲಿ ಆಶುತೋಷ್ ಮುಖರ್ಜಿ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಪಾಲಿತ್ ಪ್ರಾಧ್ಯಾಪಕರಾಗಿ ಕರೆದಾಗ ರಾಮನ್ ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳೀತು.

ತೊಳೆದರೂ ಹೋಗದ ಹೊಳಪು

1921ರಲ್ಲಿ ಮೊದಲ ವಿದೇಶ ಪ್ರವಾಸ. ಆಕ್ಸ್‌ಫರ್ಡ್‌ನಲ್ಲಿ ವಿಶ್ವವಿದ್ಯಾಲಯಗಳ ಸಮಾವೇಶ. ವಾಪಸ್ ಬರುವಾಗ ನಾರ್ಕುಂಡ ಹಡಗಿನ ಡೆಕ್ಕಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿದರು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರ‍್ಯಾಲೀ ಹೇಳಿದ್ದರು. ರಾಮನ್‌ಗೆ ರ‍್ಯಾಲೀ ಅಂದರೆ ಗುರುವಿನ ಹಾಗೆ. ಇದೇ ರ‍್ಯಾಲೀ 1890ರ ದಶಕದಲ್ಲಿ ಗಾಳಿಯಿಂದ ತೆಗೆದ ನೈಟ್ರೋಜನ್ನಿಗೂ ರಾಸಾಯನಿಕದಿಂದ ತಯಾರಿಸಿದ ನೈಟ್ರೋಜನ್ನಿಗೂ ತೂಕದಲ್ಲಿ ಸುಮಾರು ಅರ್ಧ ಪರ್ಸೆಂಟ್ ವ್ಯತ್ಯಾಸ ಬಂದಾಗ ಅದನ್ನು ಲೆಕ್ಕದ ತಪ್ಪು ಅಂತ ತಳ್ಳಿಹಾಕದೆ ಹಟ ಹಿಡಿದು ಕೂತವರು. ಆ ಹಟದಿಂದಲೇ 1894ರಲ್ಲಿ ಆರ್ಗಾನ್ ಸಿಕ್ಕಿದ್ದು. ಚಿಪ್ ಕಾರ್ಖಾನೆಗಳಲ್ಲಿ ಈಗ ಹರಿಯುವ ಆ ಅನಿಲ ಮೊದಲು ಜಗತ್ತಿಗೆ ಗೊತ್ತಾಗಿದ್ದೇ ಒಂದು ಕಲಬೆರಕೆಯಾಗಿ.

ಅಂಥ ಗುರುವಿನ ಮಾತನ್ನೂ ರಾಮನ್ ಪರೀಕ್ಷೆ ಮಾಡದೆ ಒಪ್ಪಲಿಲ್ಲ. ಜೇಬಿನಲ್ಲಿದ್ದ ನಿಕಲ್ ಪ್ರಿಸಮ್ ಹಿಡಿದು ಆಕಾಶದ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯ್ತು. ಸಮುದ್ರ ತಾನೇ ಬೆಳಕನ್ನು ಚದುರಿಸುತ್ತಿದೆ ಅನ್ನೋದು ಖಾತ್ರಿ ಆಯ್ತು.

ಕಲ್ಕತ್ತಕ್ಕೆ ಬಂದು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಒಂದೊಂದೇ ದ್ರವದ ಮೂಲಕ ಬೆಳಕು ಹಾಯಿಸತೊಡಗಿದರು. 1923ರಲ್ಲಿ ಕೆ.ಆರ್. ರಾಮನಾಥನ್‌ಗೆ ಒಂದು ತೊಡಕು ಎದುರಾಯ್ತು. ಅವರ ಪ್ರಯೋಗ ಹೀಗಿತ್ತು. ಬೆಳಕಿಗೆ ಒಂದು ನೀಲಿ ಗಾಜು ಅಡ್ಡ ಇಟ್ಟು, ನೀಲಿ ಮಾತ್ರ ದ್ರವದೊಳಗೆ ಹೋಗುವಂತೆ ಮಾಡೋದು. ಚದುರಿ ಹೊರಗೆ ಬರುವ ಬೆಳಕಿಗೆ, ನೀಲಿಯನ್ನು ತಡೆಯುವ ಇನ್ನೊಂದು ಗಾಜು ಇಡೋದು. ಒಳಗೆ ಹೋದ ಬಣ್ಣವೇ ಹೊರಗೆ ಬಂದರೆ ಏನೂ ಕಾಣಬಾರದು, ಕತ್ತಲೆ ಇರಬೇಕು. ಆದರೆ ಬಲು ಮಂದವಾಗಿ ಏನೋ ಕಾಣ್ತಾ ಇತ್ತು.

ಇಂಥದ್ದು ಕಂಡಾಗ ಲ್ಯಾಬಿನಲ್ಲಿ ಯಾರಿಗಾದರೂ ಮೊದಲು ಹೊಳೆಯೋ ಉತ್ತರ ಒಂದೇ. ದ್ರವ ಶುದ್ಧ ಇಲ್ಲ. ಯಾವುದೋ ಕಲ್ಮಶ ಒಳಗಿದೆ, ಅದು ಪ್ರತಿದೀಪ್ತಿಯಿಂದ ಹೊಳೀತಾ ಇದೆ. ರಾಮನಾಥನ್ ದ್ರವವನ್ನು ಭಟ್ಟಿ ಇಳಿಸಿದರು. ಮತ್ತೆ ಇಳಿಸಿದರು. ಹೊಳಪು ಹೋಗಲಿಲ್ಲ. ಮಂದವಾದ ಪ್ರತಿದೀಪ್ತಿ ಅಂತಲೇ ಬರೆದಿಟ್ಟರು. ರಾಮನ್‌ಗೆ ಆ ಉತ್ತರ ಸಮಾಧಾನ ಕೊಡಲಿಲ್ಲ. 1925ರಲ್ಲಿ ಕೆ.ಎಸ್. ಕೃಷ್ಣನ್ ಮತ್ತೆ ನೋಡಿದರು, ಅದೇ ಹೊಳಪು. 1927ರ ಕೊನೆಗೆ ವೆಂಕಟೇಶ್ವರನ್ ಅನ್ನುವ ಇನ್ನೊಬ್ಬ ಸಹೋದ್ಯೋಗಿ ಚೆನ್ನಾಗಿ ಶುದ್ಧ ಮಾಡಿದ ಗ್ಲಿಸರಿನ್ ಮೂಲಕ ಬಿಸಿಲು ಹಾಯಿಸಿದಾಗ ನೀಲಿ ಬದಲು ಹಸಿರು ಕಾಣ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಆ ಬೆಳಕು ಧ್ರುವೀಕರಣಗೊಂಡಿತ್ತು, ಅಂದರೆ ಅದರ ಅಲೆಗಳು ಒಂದು ದಿಕ್ಕಿಗೆ ಹೊಂದಿಕೊಂಡಿದ್ದವು. ಸಾಮಾನ್ಯ ಪ್ರತಿದೀಪ್ತಿ ಹಾಗಿರಲ್ಲ.

1928ರ ಜನವರಿ, ಫೆಬ್ರವರಿಯಲ್ಲಿ ಕೃಷ್ಣನ್‌ರನ್ನು ಕೂರಿಸಿಕೊಂಡು ರಾಮನ್ ಪಟ್ಟು ಹಿಡಿದರು. ಒಂದರ ಹಿಂದೊಂದು ದ್ರವ, ಎಲ್ಲವನ್ನೂ ಶುದ್ಧ ಮಾಡಿ. ಎಲ್ಲದರಲ್ಲೂ ಅದೇ ಹೊಳಪು. ಈಗ ಯೋಚನೆ ಮಾಡಿ. ಒಂದೋ ಎರಡೋ ದ್ರವದಲ್ಲಿ ಕಂಡಿದ್ದರೆ ಕೊಳೆ ಅನ್ನಬಹುದಿತ್ತು. ಡಜನ್‌ಗಟ್ಟಲೆ ದ್ರವಗಳಲ್ಲಿ, ಎಷ್ಟು ತೊಳೆದರೂ ಹೋಗದೆ ಕಾಣ್ತಿದ್ದರೆ ಅದು ಕೊಳೆ ಅಲ್ಲ, ಆ ವಸ್ತುವಿನದೇ ಸ್ವಭಾವ. ಫೆಬ್ರವರಿ 28ರಂದು ಸ್ಪೆಕ್ಟ್ರೋಸ್ಕೋಪ್ ಹಿಡಿದು ನೋಡಿದಾಗ ಒಳಗೆ ಹೋದ ಬಣ್ಣದಿಂದ ಬೇರೆಯಾಗಿ, ಮಧ್ಯೆ ಕತ್ತಲ ಪಟ್ಟಿ ಬಿಟ್ಟು, ಹೊಸ ಬಣ್ಣ ನಿಂತಿತ್ತು.

ವಿಷಯ ಇಷ್ಟೇ. ಬೆಳಕು ಅಣುವಿಗೆ ತಾಗಿದಾಗ ಬಹುಪಾಲು ಹೋದ ಬಣ್ಣದಲ್ಲೇ ಚದುರುತ್ತೆ. ಕೋಟಿಯಲ್ಲಿ ಒಂದೋ ಎರಡೋ ಕಣ ಮಾತ್ರ ತನ್ನ ಶಕ್ತಿಯಲ್ಲಿ ಸ್ವಲ್ಪ ಅಣುವಿನ ಅದುರಾಟಕ್ಕೆ ಕೊಟ್ಟು, ಬಣ್ಣ ಬದಲಿಸಿಕೊಂಡು ಹೊರಗೆ ಬರುತ್ತೆ. ಎಷ್ಟು ಕೊಟ್ಟಿತು ಅನ್ನೋದು ಆ ಅಣುವಿನ ಹೆಬ್ಬೆಟ್ಟಿನ ಗುರುತು. ಮುಂದಿನ ವರ್ಷವೇ ಫ್ರಾಂಕೊ ರಸೆಟ್ಟಿ ನೈಟ್ರೋಜನ್ ಮತ್ತು ಆಕ್ಸಿಜನ್ ಅನಿಲಗಳ ಗುರುತುಗಳನ್ನು ಹಿಡಿದು ತೋರಿಸಿದರು. ಇದು ಸಣ್ಣ ವಿಷಯ ಅಲ್ಲ. ನೈಟ್ರೋಜನ್, ಆಕ್ಸಿಜನ್, ಹೈಡ್ರೋಜನ್ ಸಾಮಾನ್ಯವಾಗಿ ಅವಗೆಂಪು ಬೆಳಕನ್ನು ಹೀರಲ್ಲ. ಆ ದಾರಿಯಲ್ಲಿ ಹುಡುಕುವ ಉಪಕರಣಕ್ಕೆ ಅವು ಇದ್ದರೂ ಇಲ್ಲದ ಹಾಗೆ. ರಾಮನ್ ಚದುರಿಕೆಗೆ ಅವು ಸಿಕ್ಕಿಬೀಳ್ತವೆ.

ಸರಿಸುಮಾರು ಅದೇ ದಿನಗಳಲ್ಲಿ ಮಾಸ್ಕೋದ ಲ್ಯಾಂಡ್ಸ್‌ಬರ್ಗ್, ಮ್ಯಾಂಡೆಲ್‌ಸ್ಟಾಮ್ ಸ್ಫಟಿಕ ಶಿಲೆಯಲ್ಲಿ ಇದನ್ನೇ ಕಂಡಿದ್ದರು. 1930ರಲ್ಲಿ ನೊಬೆಲ್ ಸಿಕ್ಕಿದ್ದು ಮಾತ್ರ ರಾಮನ್ ಒಬ್ಬರಿಗೆ. ದ್ರವ ಭಟ್ಟಿ ಇಳಿಸಿ ಇಳಿಸಿ ಕಣ್ಣು ನೋಯಿಸಿಕೊಂಡ ಕೃಷ್ಣನ್, ರಾಮನಾಥನ್, ವೆಂಕಟೇಶ್ವರನ್ ಹೆಸರು ನಮ್ಮ ಕ್ವಿಜ್‌ಗಳಲ್ಲಿ ಇವತ್ತಿಗೂ ಬರಲ್ಲ. ಮೇಲಿನವರ ಹೆಸರು ಉಳಿಯುತ್ತೆ, ಕೈ ಕೆಲಸ ಮಾಡಿದವರದ್ದು ಅಳಿಯುತ್ತೆ. ಕಾರ್ಖಾನೆಯಲ್ಲೂ ಹೀಗೇ, ವಿಜ್ಞಾನದಲ್ಲೂ ಹೀಗೇ.

ಬೆಂಗಳೂರಿನ ರಾಮನ್

ಈ ಸಂಶೋಧನೆಯನ್ನು ರಾಮನ್ ವಿವರವಾಗಿ ಉಪನ್ಯಾಸ ಮಾಡಿ ಹೇಳಿದ್ದು ಎಲ್ಲಿ ಗೊತ್ತಾ? ಬೆಂಗಳೂರಿನಲ್ಲಿ. 1928ರ ಮಾರ್ಚ್ 16ರಂದು ಸೆಂಟ್ರಲ್ ಕಾಲೇಜಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಐದು ವರ್ಷದ ನಂತರ, 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿಂದ ಸಾಯುವವರೆಗೂ ಬೆಂಗಳೂರೇ ಊರು.

ಬಂದವರೇ ಭೌತಶಾಸ್ತ್ರ ವಿಭಾಗ ಕಟ್ಟಿದರು, 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿದರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಬೆಂಗಳೂರಿಗೆ ಕರೆಸಿ ಇಲ್ಲೇ ಉಳಿಸಿಕೊಳ್ಳೋಕೆ ನೋಡಿದರು. ಆಗಲಿಲ್ಲ. ಇರುವ ಹಣವೆಲ್ಲ ಭೌತಶಾಸ್ತ್ರಕ್ಕೆ ಹೋಗ್ತಿದೆ, ಯಾರ ಮಾತೂ ಕೇಳಲ್ಲ ಅನ್ನುವ ದೂರು ಎದ್ದಿತು. 1936ರಲ್ಲಿ ಪರಿಶೀಲನಾ ಸಮಿತಿ ಕೂತಿತು. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯ್ತು. ಪ್ರಾಧ್ಯಾಪಕರಾಗಿ 1948ರವರೆಗೂ ಅಲ್ಲೇ ಇದ್ದರು. ಸಿಟ್ಟು, ಹಟ, ಬಿರುಸು ಮಾತು ಎಲ್ಲ ಇತ್ತು. ಬಿಳಿಯರ ಕೈಯಲ್ಲಿದ್ದ ಸಂಸ್ಥೆಯಲ್ಲಿ ಒಬ್ಬ ಭಾರತೀಯ ಮೇಲೆ ಕೂತಿದ್ದು ಹಲವರಿಗೆ ನುಂಗಲಾರದ ತುತ್ತಾಗಿತ್ತು ಅನ್ನೋದೂ ನಿಜ. ಎರಡೂ ನಿಜ.

ಮಡಿಯ ಬಾಗಿಲು

ಎರಡೂ ನಿಜ ಅಂತ ಹೇಳಿ ಮುಗಿಸಲಾಗದ ವಿಷಯ ಇನ್ನೊಂದಿದೆ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಅಂಕ ತೆಗೆದ ಕಮಲಾ ಭಾಗವತ್ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ರಾಮನ್ ಬೇಡ ಅಂದರು. ಕಮಲಾ ಬೆಂಗಳೂರಿಗೇ ಬಂದು ಕೂತು ಕಾರಣ ಕೇಳಿದರು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು. ಮೊದಲ ವರ್ಷ ಪರೀಕ್ಷಾರ್ಥ, ಗಂಡಸರ ಗಮನ ಕೆಡಿಸಬಾರದು ಅನ್ನುವಂಥ ಷರತ್ತುಗಳು. ಒಂದು ವರ್ಷದಲ್ಲಿ ಆಕೆಯ ಕೆಲಸ ನೋಡಿ ರಾಮನ್ ಒಪ್ಪಿಕೊಂಡರು, ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಕಮಲಾ ಮುಂದೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಪಡೆದರು. ಕಮಲಾ ಸೊಹೊನಿ ಅಂತ ನಾವು ಇವತ್ತು ನೆನೆಯೋದು ಅವರನ್ನೇ.

1940ರಲ್ಲಿ ಅನ್ನಾ ಮಣಿ ಬಂದರು. ಕೇರಳದ ಹುಡುಗಿ. ರಾಮನ್ ಲ್ಯಾಬಿನಲ್ಲಿ ಮೂವತ್ತಕ್ಕೂ ಹೆಚ್ಚು ವಜ್ರಗಳ ರೋಹಿತ ತೆಗೆದರು. ಒಂದೊಂದು ಫೋಟೊ ಪ್ಲೇಟಿಗೆ 15-20 ಗಂಟೆ ಬೆಳಕು ಬೀಳಿಸಬೇಕಿತ್ತು, ರಾತ್ರಿಯೆಲ್ಲ ಲ್ಯಾಬಿನಲ್ಲೇ. 1945ರಲ್ಲಿ ಪ್ರಬಂಧ ಕೊಟ್ಟರೆ, ಎಂಎಸ್ಸಿ ಆಗಿಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆಕೆ ಲಂಡನ್ನಿಗೆ ಹೋಗಿ ಹವಾಮಾನ ಉಪಕರಣಗಳ ಕೆಲಸ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿದರು. ನಮ್ಮ ದೇಶದಲ್ಲೇ ಉಪಕರಣ ತಯಾರಾಗಬೇಕು, ಅದು ತೋರಿಸುವ ಅಂಕಿಯನ್ನು ನಂಬುವ ಹಾಗಿರಬೇಕು ಅಂತ ಬದುಕೆಲ್ಲ ದುಡಿದರು. ಬಲೂನಿನಲ್ಲಿ ಮೇಲಕ್ಕೆ ಕಳಿಸಿ ಓಝೋನ್ ಅಳೆಯುವ ಉಪಕರಣವನ್ನು ಅವರ ತಂಡ ಮಾಡಿತು. ಗಾಳಿಯಲ್ಲಿ ಎಳೆಯಷ್ಟಿರುವ ಅನಿಲವನ್ನು ಅಳೆಯುವ ಕೆಲಸ. ಅತ್ತ 1923ರಲ್ಲಿ ತೊಳೆದರೂ ಹೋಗದ ಹೊಳಪು ನೋಡಿದ್ದ ರಾಮನಾಥನ್ ಕೂಡ ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೊದಲ ನಿರ್ದೇಶಕರಾಗಿ, ಓಝೋನ್ ವಿಷಯದಲ್ಲಿ ಜಗತ್ತು ಮಾತು ಕೇಳುವಂಥ ತಜ್ಞರಾದರು. ರಾಮನ್ ಶಾಲೆಯಿಂದ ಹೊರಟ ಈ ಎರಡು ದಾರಿ ಒಂದೇ ಕಡೆ ಸೇರಿದ್ದು ನೋಡಿ.

ಚಿಪ್ ಕಾರ್ಖಾನೆಯ ಕ್ಲೀನ್‌ರೂಮಿನ ಚಿತ್ರ ನೋಡಿದರೆ ನಮಗೆ ಮಡಿ ನೆನಪಾಗುತ್ತೆ. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಮುಟ್ಟಬೇಡಿ, ಹತ್ತಿರ ಬರಬೇಡಿ. ಆದರೆ ವ್ಯತ್ಯಾಸ ದೊಡ್ಡದು. ಅಲ್ಲಿನ ಮೈಲಿಗೆಯನ್ನು ಅಳೆಯಬಹುದು. ಯಾರು ಬೇಕಾದರೂ ಮತ್ತೆ ಅಳೆದು, ನಿನ್ನ ಲೆಕ್ಕ ತಪ್ಪು ಅನ್ನಬಹುದು. ನಮ್ಮ ಸಮಾಜದ ಮಡಿಗೆ ಮೀಟರೇ ಇಲ್ಲ. ಅದು ಹುಟ್ಟಿನಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ. ದ್ರವದೊಳಗಿನ ಮಂದ ಹೊಳಪನ್ನು ಕೊಳೆ ಅಂತ ತಳ್ಳಿಹಾಕದ ರಾಮನ್, ಬಾಗಿಲಲ್ಲಿ ನಿಂತ ಹುಡುಗಿಯನ್ನು ಅಳೆಯುವ ಮೊದಲೇ ತಳ್ಳಿಹಾಕಿದರು. ಅದೇ ಕಣ್ಣು, ಅದೇ ಮನುಷ್ಯ. ಇದನ್ನು ಹೇಳದೆ ಅವರ ಬದುಕು ಹೇಳಿದರೆ ಅದು ಭಜನೆ.

ವಜ್ರ ಕೊಟ್ಟ ಏಟು

ಎರಡನೇ ಕಲ್ಮಶದ ಕಥೆ ಈ ವಜ್ರಗಳದ್ದೇ. ರಾಮನ್‌ಗೆ ವಜ್ರ ಅಂದರೆ ಹುಚ್ಚು. ಕೆಲವು ವಜ್ರಗಳ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ನೀಲಿಯಾಗಿ ಹೊಳೀತವೆ, ಕೆಲವು ಹೊಳೆಯಲ್ಲ. ಕೆಲವು ಅವಗೆಂಪನ್ನು ಒಂದು ರೀತಿ ಹೀರ್ತವೆ, ಕೆಲವು ಇನ್ನೊಂದು ರೀತಿ. ಯಾಕೆ? ಇದು ಕಲ್ಮಶದಿಂದ ಅಲ್ಲ, ವಜ್ರದ ಹರಳಿನೊಳಗಿನ ಜೋಡಣೆಯೇ ಬೇರೆ ಬೇರೆ ಬಗೆಯದು ಅಂತ ರಾಮನ್ ವಾದಿಸಿದರು. 1928ರಲ್ಲಿ ಎಲ್ಲರೂ ಕೊಳೆ ಅಂದಿದ್ದನ್ನು ಅಲ್ಲ ಅಂತ ಸಾಧಿಸಿದವರು ಅವರು. ಅದೇ ನಂಬಿಕೆ ಇಲ್ಲೂ ಕೆಲಸ ಮಾಡಿರಬೇಕು.

ಈ ಸಲ ಅದು ನಿಜಕ್ಕೂ ಕಲ್ಮಶವೇ ಆಗಿತ್ತು. 1959ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕೈಸರ್ ಮತ್ತು ಬಾಂಡ್, ಸಾಮಾನ್ಯ ವಜ್ರಗಳಲ್ಲಿ ನೈಟ್ರೋಜನ್ ಸೇರಿಕೊಂಡಿದೆ, ಅವಗೆಂಪು ಹೀರುವಿಕೆಗೂ ಅದಕ್ಕೂ ನೇರ ಸಂಬಂಧ ಇದೆ ಅಂತ ತೋರಿಸಿದರು. ಇಂಗಾಲದ ಹರಳಿನೊಳಗೆ ಸಿಕ್ಕಿಕೊಂಡ ಅನಿಲದ ಪರಮಾಣುಗಳು! ಬೆಲ್ ಲ್ಯಾಬ್ಸ್ ಅಂದರೆ 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮನೆ. ಅಲ್ಲಿ ಶುದ್ಧತೆ ಅನ್ನೋದು ದಿನದ ಕೆಲಸ. ಇದೇ ಕೈಸರ್ ಅದಕ್ಕೂ ಮೊದಲು, 1956ರಲ್ಲಿ, ಸಿಲಿಕಾನ್ ಹರಳಿನೊಳಗೆ ಅಡಗಿದ ಆಕ್ಸಿಜನ್ನನ್ನು ಬೆಳಕಿನಿಂದಲೇ ಪತ್ತೆ ಮಾಡಿದವರ ಪೈಕಿ ಒಬ್ಬರು. ಟ್ರಾನ್ಸಿಸ್ಟರ್ ಮಾಡೋಕೆ ಹೊರಟವರು ಒಂದು ವಿಷಯ ಕಲಿತಿದ್ದರು. ಕಲ್ಮಶ ಇದೆಯೋ ಇಲ್ಲವೋ ಅನ್ನೋದು ವಾದದಿಂದ ತೀರ್ಮಾನ ಆಗಲ್ಲ. ಅಳೀಬೇಕು.

ಹರಳುಗಳ ಅದುರಾಟದ ಬಗ್ಗೆ ಬಾರ್ನ್ ಜೊತೆ ನಡೆದ ಜಗಳದಲ್ಲೂ ಭೌತಶಾಸ್ತ್ರ ಬಾರ್ನ್ ಕಡೆಗೇ ವಾಲಿತು. ರಾಮನ್ ಮಾತ್ರ ಬಗ್ಗಲಿಲ್ಲ. ಯುವ ವಿಜ್ಞಾನಿಗಳು ಹೊಸ ವಿಧಾನಗಳ ಕಡೆ ನಡೆದರು, ಅವರು ತಮ್ಮ ಹಾದಿಯಲ್ಲೇ ಇದ್ದರು.

ಕೊನೆಯ ಮರ

1948ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಿಂದ ನಿವೃತ್ತಿ. ಬೆಂಗಳೂರಿನಲ್ಲೇ, ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ ರಾಮನ್ ಸಂಶೋಧನಾ ಸಂಸ್ಥೆ. ಹಣ ಕೊಡ್ತೀವಿ, ವರದಿ ಒಪ್ಪಿಸಿ ಅಂದ ಸರ್ಕಾರಕ್ಕೆ ಬೇಡ ಅಂದರು. ಹೊಸ ಭಾರತ ಸಾಲಾಗಿ ಕಟ್ಟುತ್ತಿದ್ದ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಅವರು ಉಪಕರಣಗಳ ಗೋರಿ ಅಂತಲೇ ತಿಳಿದಿದ್ದರು. 1954ರಲ್ಲಿ ಭಾರತರತ್ನ ಬಂತು. ಆ ಸಿಟ್ಟು ಹೋಗಲಿಲ್ಲ. 1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಮಂತ್ರ, ತಿಥಿ ಏನೂ ಇಲ್ಲದೆ ಸಂಸ್ಥೆಯ ತೋಟದಲ್ಲೇ ದಹನ. ಆ ಜಾಗದಲ್ಲಿ ಕಲ್ಲಿಲ್ಲ, ಮಂಟಪವಿಲ್ಲ. ಒಂದು ಮರ ಇದೆ.

ಅವರು ಕಂಡ ಬೆಳಕು ಅಷ್ಟರಲ್ಲಿ ಮತ್ತೆ ಎದ್ದು ನಿಂತಿತ್ತು. ತೀರಾ ಮಂದವಾದ ಆ ಚದುರಿಕೆಗೆ 1960ರ ದಶಕದಲ್ಲಿ ಲೇಸರ್ ಜೊತೆಯಾಯ್ತು. ಇವತ್ತು ಸಿಲಿಕಾನ್ ಬಿಲ್ಲೆಯೊಳಗೆ ಎಲ್ಲಿ ಎಳೆತ ಇದೆ, ಎಲ್ಲಿ ಒತ್ತಡ ಇದೆ ಅಂತ ನೋಡೋಕೆ ರಾಮನ್ ರೋಹಿತ ಬಳಸ್ತಾರೆ. ಸಿಲಿಕಾನಿನ ಗೆರೆ ಸೆಂಟಿಮೀಟರಿಗೆ 520 ಅಲೆಗಳ ಹತ್ತಿರ ನಿಂತಿರುತ್ತೆ, ಅದು ಕೊಂಚ ಸರಿದರೂ ಎಚ್ಚರಿಕೆ. ಅನಿಲದೊಳಗಿನ ನೂರು ಕೋಟಿಗೊಂದು ಅಣುವಿನ ಬೇಟೆಗೆ ಮಾತ್ರ ರಾಮನ್ ಚದುರಿಕೆ ಒಂದೇ ಸಾಲಲ್ಲ, ಅದು ಬಲು ಮಂದ. ಅಲ್ಲಿ ಬೇರೆ ಉಪಾಯ ಇದೆ. ಎರಡು ಅತಿ ನುಣುಪಾದ ಕನ್ನಡಿಗಳ ನಡುವೆ ಬೆಳಕನ್ನು ಸಾವಿರಾರು ಸಲ ಓಡಾಡಿಸಿ, ಅದು ಆರಿಹೋಗೋಕೆ ಎಷ್ಟು ಹೊತ್ತು ತಗೊಳ್ತು ಅಂತ ಅಳೀತಾರೆ. ಅಂಗೈಯಗಲದ ಪೆಟ್ಟಿಗೆಯಲ್ಲಿ ಬೆಳಕು ಕಿಲೋಮೀಟರ್‌ಗಟ್ಟಲೆ ನಡೆದಿರುತ್ತೆ. ತೇವಾಂಶ ಇದ್ದರೆ ಬೇಗ ಆರುತ್ತೆ. 1988ರಲ್ಲಿ ಬಂದ ವಿಧಾನ ಇದು. ಇನ್ನೂ ಕೆಲವು ಕಡೆ ಅಣುಗಳಿಗೆ ವಿದ್ಯುತ್ ಆವೇಶ ಕೊಟ್ಟು ತೂಕದ ಪ್ರಕಾರ ಬೇರ್ಪಡಿಸ್ತಾರೆ. ಯಂತ್ರಗಳು ಬೇರೆ, ಪ್ರಶ್ನೆ ಅದೇ. ಕಂಡದ್ದು ಕೊಳೆಯೋ, ವಸ್ತುವಿನ ಗುಣವೋ, ಇಲ್ಲಾ ನನ್ನ ಯಂತ್ರದ ತಪ್ಪೋ?

ಮತ್ತೆ ತುಮಕೂರಿಗೆ

ಇದೆಲ್ಲ ನಮಗೆ ಯಾಕೆ? ಕೇಂದ್ರ ಸರ್ಕಾರ 2021ರಲ್ಲಿ ಚಿಪ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ದೊಡ್ಡ ಫ್ಯಾಬ್ ಗುಜರಾತಿನ ಧೋಲೇರಾಕ್ಕೆ ಹೋಯ್ತು. ಚಿಪ್ ವಿನ್ಯಾಸ ಮಾಡುವ ಬೆಂಗಳೂರು, ಅದರ ಪಕ್ಕದ ತುಮಕೂರು ನಮಗ್ಯಾಕಿಲ್ಲ ಅಂತ ಕೇಳೋದು ನ್ಯಾಯವೇ. ಆದರೆ ಕೇಳುವಾಗ ಎರಡು ಲೆಕ್ಕ ಕೈಯಲ್ಲಿ ಇಟ್ಟುಕೊಳ್ಳೋಣ.

ಮೊದಲನೇದು ನೀರು. ದೊಡ್ಡ ಫ್ಯಾಬ್‌ಗೆ ದಿನಕ್ಕೆ ಕೋಟಿ ಲೀಟರ್ ಲೆಕ್ಕದಲ್ಲಿ ನೀರು ಬೇಕು, ಅದನ್ನೂ ನಂಬಲಾಗದಷ್ಟು ಶುದ್ಧ ಮಾಡಿ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ವಿಚಾರಕ್ಕೆ 2025ರಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದರು. ಕುಣಿಗಲ್ ಕಡೆಯವರು ನಮ್ಮ ಪಾಲು ಕೊಡಿ ಅಂತಾರೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕು ಒಂದು ಕಾಲುವೆಗೆ ಮುಖ ಕೆಡಿಸಿಕೊಂಡಿರುವಾಗ ಮೂರನೇ ಬಾಯಿಗೆ ನೀರು ಎಲ್ಲಿಂದ ಅನ್ನೋದನ್ನು ಭಾಷಣದಲ್ಲಿ ಅಲ್ಲ, ಅಂಕಿಯಲ್ಲಿ ಹೇಳಬೇಕು. ಇದೇ ಜಿಲ್ಲೆಯ ಪಾವಗಡದಲ್ಲಿ ಜನ ವರ್ಷಾನುಗಟ್ಟಲೆ ಫ್ಲೋರೈಡ್ ನೀರು ಕುಡಿದಿದ್ದಾರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲ ಇಲ್ಲದ ಕಡೆ 1.5ರವರೆಗೆ ಅನ್ನೋದು ನಮ್ಮ ದೇಶದ ಮಾನದಂಡ. ಅಂದರೆ ಹತ್ತು ಲಕ್ಷದಲ್ಲಿ ಒಂದು. ಚಿಪ್‌ಗೆ ಬೇಕಾದ ನಿಖರತೆ ಇದಕ್ಕಿಂತ ಸಾವಿರ ಪಟ್ಟು ಹೆಚ್ಚು. ಬಿಲ್ಲೆಗೆ ಅಷ್ಟು ಮಡಿ ಮಾಡಲು ತಯಾರಿರುವ ನಾವು, ಮಗುವಿನ ಹಲ್ಲಿಗೆ ಅದರ ಸಾವಿರದ ಒಂದು ಪಾಲು ಎಚ್ಚರ ತೋರಿಸಬಾರದಾ?

ಎರಡನೇದು ಕೆಲಸ. ಫ್ಯಾಬ್ ಬಂದರೆ ಸ್ಥಳೀಯರಿಗೆ ಉದ್ಯೋಗ ಅಂತಾರೆ. ಯಾವ ಉದ್ಯೋಗ? ಗೇಟಿನಲ್ಲಿ ನಿಲ್ಲೋದಾ, ನೆಲ ಒರೆಸೋದಾ, ಇಲ್ಲಾ ಅನಿಲದ ಪೈಪಿನ ಮೀಟರನ್ನು ಹೊಂದಿಸಿ, ಈ ಅಂಕಿ ಸರಿಯಿಲ್ಲ, ಲೈನ್ ನಿಲ್ಲಿಸಿ ಅಂತ ಹೇಳೋದಾ? ಆ ಕೊನೆಯ ಕೆಲಸಕ್ಕೆ ಐಐಟಿಯೇ ಬೇಕಿಲ್ಲ. ಒಳ್ಳೆಯ ಡಿಪ್ಲೊಮಾ, ಐಟಿಐ, ಕೆಲಸ ಮಾಡುವ ಲ್ಯಾಬ್ ಸಾಕು. ಗುಬ್ಬಿ, ಕುಣಿಗಲ್‌ನ ಪಿಯು ಕಾಲೇಜಿನ ಲ್ಯಾಬಿನಲ್ಲಿ ಸ್ಪೆಕ್ಟ್ರೋಮೀಟರ್ ಇದೆಯಾ, ಇದ್ದರೆ ಅದರ ಮೇಲಿನ ಬಟ್ಟೆ ಸರಿಸಿ ಎಷ್ಟು ದಿನ ಆಯ್ತು, ಹುಡುಗಿಯರು ಅದನ್ನು ಮುಟ್ಟಿದ್ದಾರಾ? ಮುಂದಿನ ಫೆಬ್ರವರಿ 28ಕ್ಕೆ ಹಾರದ ಜೊತೆಗೆ ಈ ಪ್ರಶ್ನೆಗಳನ್ನೂ ತಗೊಂಡು ಹೋಗಿ ಕೇಳಬಹುದು.

ಅಂಕಿ ಅಳೆಯೋದು ಯಾರು, ಅದನ್ನು ನಂಬೋದು ಯಾರು, ತಪ್ಪು ಅಂತ ಹೇಳುವ ಹಕ್ಕು ಯಾರಿಗೆ ಇದೆ ಅನ್ನೋದು ಲ್ಯಾಬಿನ ವಿಷಯ ಮಾತ್ರ ಅಲ್ಲ. ಕಾಲುವೆಯಲ್ಲಿ ಎಷ್ಟು ನೀರು ಹರೀತು ಅನ್ನೋದೂ ಅಳತೆಯ ವಿಷಯವೇ, ಕೊಳವೆಬಾವಿಯಲ್ಲಿ ಎಷ್ಟು ವಿಷ ಇದೆ ಅನ್ನೋದೂ ಅಳತೆಯ ವಿಷಯವೇ. ಗುರುವಿನ ಮಾತನ್ನೂ ಜೇಬಿನ ಪ್ರಿಸಮ್‌ನಿಂದ ಪರೀಕ್ಷೆ ಮಾಡಿದ ದಿನ ರಾಮನ್ ಗೆದ್ದರು. ತಮ್ಮ ಮಾತನ್ನೇ ಪರೀಕ್ಷೆಗೆ ಒಡ್ಡದ ದಿನ ಸೋತರು. ಬೀರುವಿನಿಂದ ಹೊರಗೆ ಬರುವ ಆ ಫೋಟೊದಲ್ಲಿ ಇಬ್ಬರೂ ಇದ್ದಾರೆ.